ಸೀಟಿನಡಿಯ ಗುಡುಗು

ಗಾಡಿಗೆ ಸದ್ದಿಲ್ಲ ಎಂದು ಊಟ ಸೇರದೆ ಕೂತ ಗಂಡಸರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರನ್ನೇ ನನಗೆ ಕಟ್ಟಿದ್ದಾರೆ. ಮತ್ತಿಗಿರಿಯ ನಮ್ಮ ಬೀದಿಗೆ ಆ ಕರೆಂಟು ಬೈಕು ಬಂದ ಹೊಸದರಲ್ಲಿ ನನಗಂತೂ ಹಬ್ಬವಾಗಿತ್ತು. ನಮ್ಮೆಜಮಾನರು ಮುಂಜಾನೆಯ ಶಿಫ್ಟಿಗೆ ಹೊರಟರೆ ಪಕ್ಕದ ಮನೆಯ ಕೂಸು ಕೂಡ ಏಳುತ್ತಿರಲಿಲ್ಲ. ಆದರೆ ಫ್ಯಾಕ್ಟರಿಯ ಗೇಟಿನಲ್ಲಿ ಯಾರೋ, "ಏನ್ಲಾ, ಮಿಕ್ಸಿ ಏರ್ಕೊಂಡ್ ಬಂದ್ಯಾ?" ಅಂದುಬಿಟ್ಟರಂತೆ. ಮಿಕ್ಸಿಗಾದರೂ ಸದ್ದಿದೆಯಲ್ಲ ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

ಮುಂದಿನ ರಜೆಗೇ ಹೊಸೂರಿಗೆ ಹೋಗಿ ಸೀಟಿನಡಿ ಸ್ಪೀಕರ್ ಡಬ್ಬಿಯೊಂದನ್ನು ಕೂರಿಸಿಕೊಂಡು ಬಂದರು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಅದು ದೊಡ್ಡ ಪೆಟ್ರೋಲ್ ಬೈಕಿನಂತೆ ಗುಡುಗುತ್ತಿತ್ತು. ಹ್ಯಾಂಡಲ್ಲಿನ ಮೇಲೊಂದು ಕೆಂಪು ಗುಂಡಿ. ಖಾಲಿ ರಸ್ತೆಯಲ್ಲಿ ಚಾರ್ಜು ಉಳಿಸಲು ಸುಮ್ಮನೆ ಹೋಗುವುದು, ಟೀ ಅಂಗಡಿ ಕಂಡೊಡನೆ ಹೆಬ್ಬೆರಳಿನಿಂದ ಗುಂಡಿ ಒತ್ತುವುದು. ಇಂಥ ಶೌರ್ಯವನ್ನು ಹಿಂದಿನ ಸೀಟಿನಲ್ಲಿ ಕೂತು ನೋಡುವ ಭಾಗ್ಯ ನನ್ನದು.

ನನ್ನ ತವರು ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿಗೆ. ರಾಗಿ ಕುಯ್ಲಿಗೆ ತಮ್ಮ ಕರೆದಿದ್ದ. ಆ ಒಂದು ಹೊಲವೇ ಅವರ ಮನೆಗೂ ನಮ್ಮ ಮನೆಗೂ ವರ್ಷದ ಹಿಟ್ಟು. ತೆನೆ ಬಲಿತು ನಿಂತಿತ್ತು, ಬೆಳಿಗ್ಗೆ ಕುಡುಗೋಲು ಹಾಕುವುದಷ್ಟೇ ಬಾಕಿ. ಹಿಂದಿನ ಸಂಜೆ ನಾವು ಹೊರಟೆವು.

ಊರು ಇನ್ನೇನು ಬಂತು ಅನ್ನುವಾಗ ರಸ್ತೆಯಲ್ಲಿ ಬೈಕುಗಳು ಸಾಲಾಗಿ ನಿಂತಿದ್ದವು. ಕೆರೆಯಲ್ಲಿ ಹಗಲೆಲ್ಲ ತಂಗಿದ್ದ ಆನೆ ಹಿಂಡನ್ನು ಅರಣ್ಯ ಇಲಾಖೆಯವರು ಓಣಿಯಲ್ಲಿ ತಂದು, ರಸ್ತೆ ದಾಟಿಸಿ ಕಾಡಿಗೆ ಬಿಡುತ್ತಿದ್ದರು. ಓಣಿಯ ಪಕ್ಕದ್ದೇ ನನ್ನ ತಮ್ಮನ ಹೊಲ. ಆ ಕಡೆ ಬದುವಿನ ಮೇಲೆ ಅವನು ತಗಡಿನ ಡಬ್ಬ ಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು. ಅರಣ್ಯದ ಕಾವಲುಗಾರ ಕೈಯಾಡಿಸುತ್ತ, "ವಂಡಿ ಆಫ್ ಪಣ್ಣುಂಗ. ಗಾಡಿ ಆಫ್ ಮಾಡಿ, ಉಸ್ರು ಬಿಡ್ಬ್ಯಾಡಿ," ಎಂದು ಪಿಸುಗುಟ್ಟಿದ. ಎಲ್ಲರೂ ಎಂಜಿನ್ ನಿಲ್ಲಿಸಿದರು. ನಮ್ಮದರಲ್ಲಿ ನಿಲ್ಲಿಸಲು ಎಂಜಿನ್ನೇ ಇರಲಿಲ್ಲ.

ಮುಂದಿನ ಆನೆ ಟಾರಿನ ಮೇಲೆ ಕಾಲಿಟ್ಟಿತ್ತು, ಹಿಂದೆ ಮರಿ. ಆಗ ಪಕ್ಕದ ಬೈಕಿನವನು ಮೆಲ್ಲಗೆ, "ಬ್ಯಾಟ್ರಿ ಗಾಡಿನಾ ಸಾರ್? ಪಾಪ, ಸದ್ದೇ ಬರಕಿಲ್ವಲ್ಲ," ಅಂದ.

ನಾನು ಇವರ ಹೆಬ್ಬೆರಳು ನೋಡಿದೆ. ಬೇಡ ಅನ್ನುವಷ್ಟರಲ್ಲಿ, "ಬತ್ತದೆ, ಕೇಳು," ಎಂದು ಒತ್ತಿ ತಿರುಗಿಸಿಯೇಬಿಟ್ಟರು.

ಆನೆ ಗಿರ್ರನೆ ತಿರುಗಿತು. ಮರಿಯನ್ನು ನಡುವೆ ಹಾಕಿಕೊಂಡು ಇಡೀ ಹಿಂಡು ರಾಗಿಗೆ ನುಗ್ಗಿತು. ನನ್ನ ತಮ್ಮ ತಗಡಿನ ಡಬ್ಬ ಬಡಿಯುತ್ತ ಬದುವಿನುದ್ದಕ್ಕೂ ಓಡಿದ. ಕತ್ತಲಾಗುವ ಹೊತ್ತಿಗೆ ಹಿಂಡು ಆಚೆ ಹೋಯಿತು, ಆದರೆ ಹೊಲದಲ್ಲಿ ಕುಯ್ಯಲು ಏನೂ ಉಳಿದಿರಲಿಲ್ಲ.

ಮನೆಯಲ್ಲಿ ಅಮ್ಮ ಅಳಿಯನಿಗೆ ಕಾಲು ತೊಳೆಯಲು ಬಿಸಿನೀರು ಕೊಟ್ಟರು, ಚಾಪೆ ಹಾಸಿದರು. ನಮ್ಮ ಕಡೆ ಅಳಿಯನಿಗೆ ಯಾರೂ ಒಂದು ಮಾತು ಅನ್ನುವುದಿಲ್ಲ, ಅವನು ಮನೆಗೆ ಬೆಂಕಿ ಇಟ್ಟರೂ ಮೊದಲು ಊಟಕ್ಕೆ ಕೂರಿಸುತ್ತಾರೆ. ಮೈಯೆಲ್ಲ ಮಣ್ಣಾಗಿ ಬಂದ ತಮ್ಮ ಕೂಡ, "ಬನ್ನಿ ಭಾವ, ಕೈ ತೊಳ್ಕಳಿ," ಎಂದ. ಆ ಮರ್ಯಾದೆ ನೋಡಿ ನನಗೆ ಮೈಯೆಲ್ಲ ಉರಿಯಿತು. ನಮ್ಮೆಜಮಾನರು ಗೋಡೆಗೊರಗಿ, "ಏನ್ ಜನ ಮಾರಾಯ, ಆನೆ ಮುಂದೆ ಗಾಡಿ ಸದ್ದು ಮಾಡ್ತಾರೆ," ಎಂದರು.

"ಮಾಡ್ದೋರು ನೀವೇ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಸದ್ದಿಲ್ಲದ ಗಾಡಿ ಒಂದೇ ಒಂದ್ಸಲ ಕೆಲ್ಸಕ್ ಬರ್ತಿತ್ತು. ಆವಾಗ್ಲೇ ನಿಮ್ಗೆ ಗಂಡಸ್ತನ ತೋರಿಸ್ಬೇಕಿತ್ತು."

ತಮ್ಮ ತಲೆ ಎತ್ತಲಿಲ್ಲ. ಅಮ್ಮ ಮಾತ್ರ ಯಾವಾಗಿನಂತೆ ಎಲ್ಲರಿಗಿಂತ ದೊಡ್ಡ ಮುದ್ದೆಯನ್ನು ಅಳಿಯನ ತಟ್ಟೆಗೇ ಹಾಕಿ ಸಾರು ಬಿಟ್ಟರು.

"ತಿನ್ನಪ್ಪ," ಎಂದರು. "ಹೋದೊರ್ಸದ್ ರಾಗಿ. ಇಷ್ಟೇ ಉಳ್ದಿರೋದು."

ಮುದ್ದೆ ಮುರಿಯಲು ಹೋದ ಆ ಹೆಬ್ಬೆರಳು ಅಲ್ಲೇ ನಿಂತಿತು.