ಸುಣ್ಣ ಬಳಿದ ಕಂಪ್ಯೂಟರ್

ಅರಕಲಗೂಡು ಕಡೆ ನಾನು ಕೆಲಸ ಮಾಡುವ ಗೊಬ್ಬರದ ಸೊಸೈಟಿಯಲ್ಲಿ, ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂದರೆ ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ. ಈ ಸಲ ಕಾರ್ಯದರ್ಶಿಗಳ ಕಣ್ಣು ನನ್ನ ಕಂಪ್ಯೂಟರಿನ ಮೇಲೂ ಬಿತ್ತು.

"ಏನಮ್ಮಾ ಇದು, ಅಳೇ ಮಖ ಒತ್ಕೊಂಡು ಕುಂತದೆ. ಒಸದ್ರಂಗೆ ಕಾಣ್ಬೇಕು ಕಣಮ್ಮಾ."

"ಸಾ, ಒಂದು ರಸೀದಿ ತೆಗೆಯೋಷ್ಟರಲ್ಲಿ ರೈತರು ಬೈಯೋಕೆ ಶುರು ಮಾಡ್ತಾರೆ. ಹೊಸದು ಬೇಕು ಅಂತ ಕೇಳಿದ್ನಲ್ಲ?"

"ಅದ್ನ ಆಮ್ಯಾಲೆ ನೋಡನ. ಮೊದ್ಲು ಇದುಕ್ಕೂ ಸುಣ್ಣ ಬಳಿ."

ಹಳೇ ಪರದೆಗೆ ಹೊಸ ರೂಪ ಕೊಡುವ ಒಂದು ಶೇರ್‌ವೇರ್ ನೆಟ್ಟಿನಿಂದ ಇಳಿಸಿಕೊಂಡೆ. ಕೆಲವು ದಿನ ಪುಕ್ಕಟೆ, ಆಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು. ಐಕಾನುಗಳು ಗಾಜಿನ ಗುಂಡಿಗಳಂತೆ ಹೊಳೆದವು. ಒಳಗಿನ ಯಂತ್ರ ಮಾತ್ರ ಮೊದಲಿಗಿಂತ ಜಾಸ್ತಿ ಏದುಸಿರು ಬಿಡತೊಡಗಿತು.

ಹಾಸನದಿಂದ ಬಂದ ಸಾಹೇಬರು ಪರದೆ ನೋಡಿ ನಿಂತರು. "ಪರವಾಗಿಲ್ವೇ, ಇಲ್ಲಿ ಆಗಲೇ ಹೊಸದಿದೆ! ನಿಮಗೆ ಅಂತ ಮಂಜೂರಾಗಿರೋದನ್ನ ಚನ್ನರಾಯಪಟ್ಟಣದ ಕಡೆ ಕೊಟ್ಬಿಡ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿಗಳು, "ಔದು ಸಾ, ನಮ್ಗೆ ಇದೇ ಸಾಕು ಸಾ," ಅಂದುಬಿಟ್ಟರು. ಸಾಹೇಬರು ಎಳನೀರು ಕುಡಿದು ಹೊರಟರು.

ಪುಕ್ಕಟೆ ಅವಧಿ ಮುಗಿದು ಹೊಳಪೆಲ್ಲ ಹೋಯಿತು. ಈಗ ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಪರದೆಯ ಮೇಲೆ ಒಂದು ಚೌಕ ಬಂದು ಕೇಳುತ್ತದೆ: ಈಗ ಕೊಳ್ಳುತ್ತೀರೋ, ಆಮೇಲೆ ನೆನಪಿಸಲೋ? ಕೌಂಟರಿನಾಚೆ ರೈತರು ಗೊಣಗುತ್ತಿರುತ್ತಾರೆ. ನಾನು 'ಆಮೇಲೆ' ಒತ್ತುತ್ತೇನೆ. ಮಾರನೇ ದಿನ ಅದು ತಪ್ಪದೆ ನೆನಪಿಸುತ್ತದೆ. ನಮ್ಮ ಆಫೀಸಿನಲ್ಲಿ 'ಆಮೇಲೆ' ಅಂದದ್ದನ್ನು ನೆನಪಿಟ್ಟುಕೊಳ್ಳುವುದು ಅದೊಂದೇ.