ಸರಪಳಿ ಬಂಡೆಯ ವೆಂಡೆಲಿನ್

ತಾತ್ರಾ ಬೆಟ್ಟದ ಮೇಲಿರುವ ನಮ್ಮ ತಂಗುಮನೆಗೆ ಗಾಡಿ ಬರುವ ದಾರಿಯಿಲ್ಲ. ಚಾರಣಿಗರಿಗೆ ಬೇಕಾದ ಹಿಟ್ಟು, ಆಲೂಗೆಡ್ಡೆ, ಸೌದೆ ಎಲ್ಲವೂ ಹೊರೆಯಾಳು ವೆಂಡೆಲಿನ್‌ನ ಬೆನ್ನ ಮೇಲೆಯೇ ಬರಬೇಕು. ಮರದ ಚೌಕಟ್ಟಿಗೆ ಅರವತ್ತು ಕಿಲೋ ಬಿಗಿದುಕೊಂಡು ಮೂವತ್ತೊಂದು ವರ್ಷ ಹತ್ತಿದವನು ಅವನು. ನಾನು ಅಲ್ಲಿಯ ಅಡುಗೆಯವಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಂಜು ಕವಿದಿತ್ತು. ಸರಪಳಿ ಹಿಡಿದು ಏರಬೇಕಾದ ಕಡಿದಾದ ಬಂಡೆಯ ನಡುವೆ ಒಬ್ಬ ಹೆಂಗಸು ಅಲುಗಾಡದೆ ನಿಂತಿರುವುದು ವೆಂಡೆಲಿನ್‌ಗೆ ಕಂಡಿತು. ಪ್ರತಿ ವರ್ಷ ನಮ್ಮಲ್ಲಿ ತಂಗುವ, ಭೂಗೋಳ ಕಲಿಸಿ ನಿವೃತ್ತಳಾದ ಒತೀಲಿಯಾ. ವರ್ಷಕ್ಕೊಂದು ಶಿಖರವನ್ನಾದರೂ ನೋಡದಿದ್ದರೆ ಆಕೆಗೆ ನೆಮ್ಮದಿಯಿಲ್ಲ.

“ಮೇಲೂ ಹೋಗಕ್ಕಾಗ್ತಿಲ್ಲ, ಕೆಳಗೂ ಇಳಿಯಕ್ಕಾಗ್ತಿಲ್ಲ. ಹೀಗೆ ನಿಂತು ಒಂದು ಗಂಟೆ ಆಯ್ತು,” ಎಂದಳು. “ನಗಬೇಡ ಕಣಪ್ಪ.”

“ನಗಲ್ಲ ಟೀಚರ್. ನಂಗೂ ಇಲ್ಲಿ ಭಯ ಆಗತ್ತೆ.”

“ಸುಮ್ನೆ ಸಮಾಧಾನಕ್ಕೆ ಹೇಳ್ತೀಯ.”

“ಇಲ್ಲ. ಏಪ್ರಿಲ್‌ನಲ್ಲಿ ಇಲ್ಲೇ ಜಾರಿ, ಒಂದೇ ಕೈಯಲ್ಲಿ ನೇತಾಡಿದ್ದೆ. ಅವತ್ತಿಂದ ಕಣ್ಣು ಅರ್ಧ ಮುಚ್ಕೊಂಡೇ ದಾಟ್ತಿದೀನಿ. ಹೆಂಡ್ತಿಗೂ ಹೇಳಿಲ್ಲ.”

“ಕಣ್ಣು ಮುಚ್ಕೊಂಡಾ! ಒಳ್ಳೆ ಆಸಾಮಿ ಸಿಕ್ದೆ ನಂಗೆ!”

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಆಕೆಯ ಬೆರಳುಗಳು ಸ್ವಲ್ಪ ಸಡಿಲವಾದವು.

ವೆಂಡೆಲಿನ್ ಹೊರೆಯನ್ನು ಬಂಡೆಯ ಬುಡದಲ್ಲಿ ಬಿಗಿದಿಟ್ಟ. ಆಕೆಯ ಕೆಳಗೆ ನಿಂತು, ಬೂಟು ಹಿಡಿದು ಒಂದೊಂದೇ ಹೆಜ್ಜೆಯನ್ನು ಇಡಿಸುತ್ತ ಮೇಲಕ್ಕೆ ಹತ್ತಿಸಿದ. ಅವನು ಜಾರಿದ್ದ ಜಾಗ ಬಂದಾಗ ಅವನೇ ನಿಂತುಬಿಟ್ಟ. ಕಣ್ಣು ಮುಚ್ಚಿಕೊಂಡದ್ದು ಮೇಲಿದ್ದವಳಿಗೆ ಕಂಡಿತು.

“ವೆಂಡೆಲಿನ್, ಕಣ್ಣು ಬಿಡು!” ತರಗತಿಯಲ್ಲಿ ಗದರಿಸುವಂತೆಯೇ ಹೇಳಿದಳು. “ಎಡಗಡೆ ಅಂಗೈಯಷ್ಟು ಕುಳಿ ಇದೆ. ಅಲ್ಲಿಡು ಕಾಲು. ಹಾಂ, ಈಗ ಬಾ.”

ಬಂದ.

ಬಾಗಿಲಲ್ಲಿ ಹೊರೆಯಿಲ್ಲದೆ ನಿಂತ ವೆಂಡೆಲಿನ್‌ನನ್ನು ನೋಡಿ ಸೌಟು ಹಿಡಿದೇ ಎದುರಿಗೆ ಹೋದೆ. “ಸಾಮಾನೆಲ್ಲೋ?”

“ಬೆಟ್ಟದಲ್ಲಿದೆ. ಇವತ್ತು ಟೀಚರ್‌ನ ತಂದಿದೀನಿ.”

“ಯಾರು ಯಾರನ್ನ ತಂದ್ರು ಅಂತ ಆಮೇಲೆ ಲೆಕ್ಕ ಹಾಕೋಣ,” ಎಂದಳು ಒತೀಲಿಯಾ. “ಮೊದ್ಲು ಬಿಸಿ ಏನಾದ್ರೂ ಕೊಡಮ್ಮ.”

ಎಲೆಕೋಸಿನ ಸಾರು ಬಡಿಸಿದೆ. ಎರಡನೇ ಬಟ್ಟಲು ಮುಗಿಸಿ ವೆಂಡೆಲಿನ್ ಏಪ್ರಿಲ್‌ನ ವಿಷಯವನ್ನು ನನಗೂ ತಂಗುಮನೆಯ ಯಜಮಾನನಿಗೂ ತಾನಾಗಿಯೇ ಹೇಳಿದ. ಆ ಬಂಡೆ ತಪ್ಪಿಸಿ ಬರುವ ಕಣಿವೆಯ ಸುತ್ತುದಾರಿ ಮೊದಲಿನಿಂದಲೂ ಇತ್ತು. ಆದರೆ ಅದನ್ನು ಹಿಡಿದರೆ ಕಾರಣ ಹೇಳಬೇಕಾಗುತ್ತದೆಂದು ಅಷ್ಟು ತಿಂಗಳೂ ಹೆದರಿದ್ದನಂತೆ.

“ಅಷ್ಟೇನಾ? ನೀನು ಕೆಲಸ ಬಿಡ್ತೀಯೇನೋ ಅಂದ್ಕೊಂಡೆ,” ಎಂದ ಯಜಮಾನ.

ಈಗ ಅವನು ಸುತ್ತುದಾರಿಯಲ್ಲೇ ಬರುತ್ತಾನೆ. ಅರ್ಧ ಗಂಟೆ ತಡ. ಆದರೆ ಮುಖದಲ್ಲಿ ಮೊದಲಿನ ಬಿಗುವಿಲ್ಲ. ತಂಗುಮನೆಯ ಕೆಳಗಿನ ಕೆರೆಯ ಅಂಚು ದಾಟುವಾಗ ಸಿಳ್ಳೆ ಹಾಕುವುದು ನಮಗೆ ಕೇಳಿಸುತ್ತದೆ.