ಅಕ್ಕನ ಎದೆಯ ಸದ್ದು

ಉಪ್ಪಿನ ಜಾಗ ಅಡುಗೆಮನೆಯ ಡಬ್ಬಿ ಎಂದು ನಂಬಿದವಳು ನಾನು. ಆದರೆ ಹೊಟ್ಟೆಪಾಡು ನೋಡಿ, ಗೋಡೆಯೂ ಉಪ್ಪು, ನೆಲವೂ ಉಪ್ಪು ಆಗಿದ್ದ ಒಂದು ಕೋಣೆಯ ಬಾಗಿಲಲ್ಲಿ ನನ್ನನ್ನು ತಂದು ಕೂರಿಸಿತು. ಬಂದವರ ಚಪ್ಪಲಿ ಬಿಡಿಸಿ, ಬಿಳಿ ಕಾಲುಚೀಲ ಕೊಟ್ಟು ಒಳಗೆ ಕಳಿಸುವುದು, ಅವರು ಹೋದ ಮೇಲೆ ನೆಲದ ಉಪ್ಪಿನಲ್ಲಿ ಮೂಡಿದ ಹೆಜ್ಜೆಗಳನ್ನು ಅಳಿಸಿ ಸಮ ಮಾಡುವುದು ನನ್ನ ಕೆಲಸ. ಒಳಗೆ ಒರಗುಕುರ್ಚಿಗಳಲ್ಲಿ ಜನ ಕಂಬಳಿ ಹೊದ್ದು ಮಲಗುತ್ತಾರೆ. ಗೋಡೆಯ ತೂತಿನಿಂದ ಯಂತ್ರವೊಂದು ನುಣ್ಣನೆಯ ಉಪ್ಪಿನ ಧೂಳು ಊದುತ್ತದೆ. ಮೂಲೆಯಲ್ಲಿ ಕೂತು ಬಟ್ಟಲಮ್ಮ ಕಂಚಿನ ಬಟ್ಟಲುಗಳನ್ನು ಒಂದೊಂದಾಗಿ ಬಾರಿಸುತ್ತಾಳೆ. ಮನಸ್ಸಿಗೆ ನೆಮ್ಮದಿ, ಎದೆಗೆ ಹಗುರ ಎಂದು ಜನ ಹುಡುಕಿಕೊಂಡು ಬರುತ್ತಾರೆ.

ಬಟ್ಟಲಮ್ಮ ಎಂದು ಹೆಸರಿಟ್ಟವಳು ನಾನೇ. ಮೊದಮೊದಲು ಮುಖ ಊದಿಸಿಕೊಂಡಳು, ಆಮೇಲೆ ಅದಕ್ಕೇ ಓಗೊಡತೊಡಗಿದಳು. ತೆಳ್ಳಗಿನ ಹೆಂಗಸು. ಮಾತು ಕಡಿಮೆ, ಹಟ ಜಾಸ್ತಿ. ಮೊದಲು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿದ್ದಳಂತೆ. ಈ ಕೆಲಸ ಕಲಿತದ್ದು ಇಲ್ಲಿಗೆ ಬಂದ ಮೇಲೆ.

"ಟಣ್ ಅನ್ನಿಸೋದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯವಂತೆ ಕಣೇ ನೀನು" ಎಂದು ನಾನು ಕೆಣಕುತ್ತಿದ್ದೆ.

"ಬಾರಿಸೋದು ಯಾರು ಬೇಕಾದ್ರೂ ಬಾರಿಸ್ತಾರೆ. ನನ್ನ ಕೆಲಸ ಕೇಳೋದು" ಎನ್ನುತ್ತಿದ್ದಳು.

ಜಂಭದ ಮಾತಾದರೂ ಸುಳ್ಳಲ್ಲ. ಆ ಮಬ್ಬುಬೆಳಕಿನಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಅವಳು ಉಸಿರು ಕೇಳಿಸಿಕೊಳ್ಳುತ್ತಿದ್ದಳು. ಯಾರದು ಇನ್ನೂ ದಡಬಡ ಓಡುತ್ತಿದೆ, ಯಾರದು ಗೊರಕೆಗೆ ತಿರುಗಲು ಹವಣಿಸುತ್ತಿದೆ ಎಂಬುದನ್ನೆಲ್ಲ ಕಿವಿಯಲ್ಲೇ ಅಳೆದು, ಅದಕ್ಕೆ ತಕ್ಕ ಬಟ್ಟಲು ಆರಿಸುತ್ತಿದ್ದಳು. ಒಂದು ಉಸಿರೂ ಕೇಳಿಸದಷ್ಟು ಕೋಣೆ ತಣ್ಣಗಾದಾಗ ದೊಡ್ಡ ಬಟ್ಟಲನ್ನು ಮೆಲ್ಲಗೆ ಮುಟ್ಟುವುದು ಅವಳ ಪದ್ಧತಿ. ಎಲ್ಲರೂ ಹಗುರಾದರು ಎಂದು ಅದರರ್ಥ.

ಅವಳಿಗೆ ಒಬ್ಬಳೇ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಹಿಟ್ಟಿನ ಗಿರಣಿಯಲ್ಲಿ ದುಡಿದು ತಂಗಿಯನ್ನು ಸಾಕಿದವಳು. ಹಿಟ್ಟಿನ ಧೂಳು ಕುಡಿದು ಕುಡಿದು ಎದೆ ಹಾಳಾಗಿ, ಮಾತಿನ ನಡುವೆಯೂ ಒಳಗಿಂದ ಸುಂಯ್ ಎಂದು ಸದ್ದು ಬರುತ್ತಿತ್ತು. ಬಾಯಿಗೆ ಒತ್ತಿಕೊಳ್ಳುವ ಪಂಪು ಸದಾ ಕೈಚೀಲದಲ್ಲಿ. ಆದರೂ ಗಿರಣಿಯಕ್ಕನ ನಗೆ ಬತ್ತಿರಲಿಲ್ಲ. "ಅವಳು ಬಟ್ಟಲು ಬಾರಿಸ್ತಾಳೆ, ನಾನು ಎದೇಲೇ ಪೀಪಿ ಊದ್ತೀನಿ. ಒಂದು ಡೋಲು ಸಿಕ್ಕಿಬಿಟ್ರೆ ಮೇಳ ಕಟ್ಟಬಹುದು, ಬರ್ತೀರಾ?" ಎಂದು ನನ್ನನ್ನೇ ನಗಿಸಿದ್ದಳು.

ಬಟ್ಟಲಮ್ಮ ಅಕ್ಕನನ್ನು ಆಗಾಗ ಕರೆತಂದು ಉಪ್ಪಿನ ಕೋಣೆಯಲ್ಲಿ ಮಲಗಿಸುತ್ತಿದ್ದಳು. ಎದ್ದು ಹೋಗುವಾಗ ಅಕ್ಕ, "ಒಳ್ಳೆ ನಿದ್ದೆ ಬಂತು" ಎನ್ನುತ್ತಿದ್ದಳು. ಅಷ್ಟು ಸಾಕು, ತಂಗಿಯ ಮುಖ ಅರಳುತ್ತಿತ್ತು. ಜೀವನವಿಡೀ ಅಕ್ಕನ ಕೈಯಿಂದ ತೆಗೆದುಕೊಂಡೇ ಬೆಳೆದವಳಿಗೆ ಕೊಡಲು ಇದೊಂದಾದರೂ ಸಿಕ್ಕಿತಲ್ಲ ಎಂಬ ಸಂತೋಷ. ನನಗದು ಅರ್ಥವಾಗುತ್ತಿತ್ತು.

ಆದರೆ ಆ ದಿನ ಗಿರಣಿಯಕ್ಕ ಬಂದ ಸ್ಥಿತಿ ನೋಡಿ ನಾನು ಕೂತಲ್ಲಿಂದ ಎದ್ದುಬಿಟ್ಟೆ. ನೆಗಡಿ ಎದೆಗಿಳಿದಿತ್ತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ನಿಂತಳು. ಪಂಪು ಒತ್ತಿದ್ದೂ ಆಗಿತ್ತು, ಉಬ್ಬಸ ಇಳಿದಿರಲಿಲ್ಲ.

"ಏನೇ, ನಿನಗೆ ಬುದ್ಧಿಗಿದ್ಧಿ ಇದೆಯಾ? ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗು" ಎಂದು ಬಟ್ಟಲಮ್ಮನನ್ನು ಗದರಿದೆ.

"ಮಲಗಿದ್ರೆ ಇಳಿಯುತ್ತೆ. ಪ್ರತಿ ಸಲ ಇಳಿದಿಲ್ವಾ? ಇಳೀಲಿಲ್ಲ ಅಂದ್ರೆ ಇಲ್ಲಿಂದ ನೇರ ಆಸ್ಪತ್ರೆಗೇ" ಎಂದು ಅಕ್ಕನನ್ನು ಒಳಗೆ ನಡೆಸಿಕೊಂಡು ಹೋದಳು.

ಒಳಗೆ ಆಗಲೇ ಮೂರ್ನಾಲ್ಕು ಜನ ಮಲಗಿದ್ದರು. ಅಕ್ಕನ ಸುಂಯ್ ಸದ್ದು ಬಾಗಿಲಾಚೆ ನನಗೂ ಕೇಳುತ್ತಿತ್ತು. ಬೊಕ್ಕತಲೆಯ ಗಿರಾಕಿಯೊಬ್ಬರು, "ಅದೇನಮ್ಮ ಸದ್ದು? ನಿದ್ದೆ ಮಾಡೋ ಹಾಗಿಲ್ವಾ?" ಎಂದು ಗೊಣಗಿದರು. ಬಟ್ಟಲಮ್ಮ ಸಣ್ಣ ಬಟ್ಟಲು ಬಾರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಸುಂಯ್ ಎನ್ನುವುದು ತೆಳುವಾಯಿತು, ಮತ್ತೆ ತೆಳುವಾಯಿತು, ನಿಂತೇಹೋಯಿತು. ದೊಡ್ಡ ಬಟ್ಟಲು ಮೊಳಗಿತು.

ಬಾಗಿಲು ತುಸು ತೆರೆದು ಬಟ್ಟಲಮ್ಮ ತಲೆ ಹೊರಹಾಕಿದಳು. ಕಣ್ಣಲ್ಲಿ ನೀರು. "ಕೇಳಿದ್ಯಾ? ನಿಂತೋಯ್ತು ಕಣೇ! ಪೂರ್ತಿ ನಿಂತೋಯ್ತು!" ಎಂದು ಪಿಸುಗುಟ್ಟಿದಳು.

"ಸರಿ ತಾಯಿ, ನಾನಿನ್ನು ಬಾಯಿ ಮುಚ್ಕೋತೀನಿ" ಎಂದೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು.

ಹೊತ್ತು ಮುಗಿದಾಗ ಒಳಗೆ ಹೋಗಿ ಬಿಳಿ ದೀಪ ಹಾಕಿದೆ. ಉಳಿದವರು ಆಕಳಿಸುತ್ತ ಎದ್ದರು. ಗಿರಣಿಯಕ್ಕ ಏಳಲಿಲ್ಲ. ಕಂಬಳಿ ಸರಿಸಿದರೆ ಎರಡೂ ಕೈ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದಿವೆ. ಬಾಯಿ ತೆರೆದಿದೆ, ಗಂಟಲ ಕೆಳಗಿನ ಕುಳಿ ಮತ್ತೆ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತಿದೆ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೋಣೆಯ ಕೇಸರಿ ಮಬ್ಬುಬೆಳಕಿನಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಸದ್ದು ಮಾತ್ರ ಒಂದಿಷ್ಟೂ ಇಲ್ಲ.

"ಅಯ್ಯೋ ದೇವರೇ!" ಎಂದು ಕಿರುಚಿಕೊಂಡೆ. ಗೊಣಗಿದ್ದ ಬೊಕ್ಕತಲೆಯವರೇ ಅವಳನ್ನು ಎತ್ತಿಕೊಂಡು ತಮ್ಮ ಕಾರಿಗೆ ಓಡಿದರು.

ಆಸ್ಪತ್ರೆಯಲ್ಲಿ ಮೂಗುಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿ, ಸೂಜಿಯ ಮೇಲೆ ಸೂಜಿ ಚುಚ್ಚಿದರು. ಹೊರಗೆ ಬಂದ ಡಾಕ್ಟರಿಗೆ ಬಟ್ಟಲಮ್ಮ, "ಸದ್ದು ನಿಂತಿತ್ತಲ್ಲ ಡಾಕ್ಟ್ರೇ, ಕಡಿಮೆ ಆಗಿತ್ತಲ್ಲ" ಎಂದಳು.

"ಕಡಿಮೆಯಾಗಿ ನಿಂತಿದ್ದಲ್ಲಮ್ಮ. ಸದ್ದು ಬರೋದಕ್ಕೂ ಗಾಳಿ ಆಡಬೇಕಲ್ವಾ? ಗಾಳಿ ಆಡೋದೇ ನಿಲ್ತಾ ಬಂದಿತ್ತು. ಉಬ್ಬಸದವರ ಎದೆ ಹಾಗೆ ಸುಮ್ಮನಾದ್ರೆ ಓಡಿ ಬರಬೇಕು" ಎಂದರು ಡಾಕ್ಟರು. "ಈಗಲೇ ಏನೂ ಹೇಳೋಕಾಗಲ್ಲ."

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. "ಈ ಕಿವಿ ಸುಟ್ಟುಹೋಗ! ನಾನು ದೊಡ್ಡ ಬಟ್ಟಲು ಬಾರಿಸಿದೆ ಕಣೇ, ಅಕ್ಕ ಸಾಯ್ತಿದ್ರೆ ದೊಡ್ಡ ಬಟ್ಟಲು ಬಾರಿಸಿದೆ" ಎಂದು ಎರಡೂ ಕಿವಿಗೆ ಬಡಿದುಕೊಂಡಳು. ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಅವಳ ಕೈಗಳನ್ನು ಹಿಡಿದುಕೊಂಡು ಕೂತೆ.

ಎಷ್ಟೋ ಹೊತ್ತಿನ ಮೇಲೆ ನರ್ಸು ಬಂದು, "ಎದೆ ಸದ್ದು ಮಾಡ್ತಿದೆ, ಬದುಕಿದ್ರು ಬಿಡಿ" ಎಂದಳು. ಬಟ್ಟಲಮ್ಮ ಒಳಗೋಡಿ ಅಕ್ಕನ ಎದೆಗೆ ಕಿವಿಯಿಟ್ಟಳು. ಆ ದರಿದ್ರ ಸುಂಯ್ ಸದ್ದು ಕೇಳಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಅಕ್ಕ ಒಂದೆರಡು ಮಾತಾಡುವಷ್ಟಾದಳು. ತಂಗಿ ಅದಕ್ಕೇ ಕಾದಿದ್ದಳು.

"ನಿನಗೆ ಎಚ್ಚರ ಇರಲಿಲ್ವಾ ಅಕ್ಕ?"

"ಇತ್ತು."

"ಮತ್ತೆ ಕುರ್ಚಿನಾದ್ರೂ ಒದೀಬಾರದಿತ್ತಾ? ನಾನು ಅಲ್ಲೇ ಇದ್ನಲ್ಲ!"

ಗಿರಣಿಯಕ್ಕ ಉಸಿರು ಕೂಡಿಸಿಕೊಂಡಳು. "ಎಲ್ರೂ ಹಾಯಾಗಿ ಮಲಗಿದ್ರು. ನೀನು ಎಷ್ಟು ಚೆಂದ ಬಾರಿಸ್ತಿದ್ದೆ... ಆಗಲೇ ಒಬ್ರು ಗೊಣಗಿದ್ರು. ನಿನ್ನ ಕೆಲಸ ಯಾಕೆ ಕೆಡಿಸೋದು ಅಂತ ಸುಮ್ಮನಾದೆ."

ಬಟ್ಟಲಮ್ಮ ಅಕ್ಕನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಕೆಡಿಸು ಅಕ್ಕ" ಎಂದಳು. "ನಿನ್ನ ದಮ್ಮಯ್ಯ, ಇನ್ಮೇಲೆ ಕೆಡಿಸು."